ಬಿಸಿಲಿಗೆ ಉಬ್ಬಿದ ಬಾಗಿಲು

ಆ ಕಟ್ಟಡದಲ್ಲಿ ಯಾರ ಮನೆಯ ಬಾಗಿಲು ಚೌಕಟ್ಟಿಗೆ ಹಿಡಿದುಕೊಂಡರೂ ಬಡಗಿಯನ್ನೇ ಕರೆಯುತ್ತಿದ್ದರು. ಅವನೇನು ದೂರದವನಲ್ಲ. ಅದೇ ಕಟ್ಟಡದ ಮೊದಲನೆಯ ಮಹಡಿಯಲ್ಲಿ, ಬೀದಿಯ ಕಡೆಯ ಮೂಲೆಯ ಮನೆಯಲ್ಲಿದ್ದ. ಬಂದು ಬಾಗಿಲನ್ನು ಎರಡು ಸಲ ಆಡಿಸಿ ನೋಡಿ, “ಉಬ್ಬಿದೆ ಬಿಡಿ” ಅನ್ನುತ್ತಿದ್ದ. ಉಜ್ಜುಗೊರಡಿನಿಂದ ಅಂಚನ್ನು ಹೆರೆದು, ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಬಾಗಿಲು ಬೆಣ್ಣೆಯ ಹಾಗೆ ಜಾರುವಂತೆ ಮಾಡಿಕೊಟ್ಟು ಹೋಗುತ್ತಿದ್ದ.

ಹೆಂಡತಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಆಮೇಲಿಂದ ಅವನಿಗೆ ಈ ಕೆಲಸ ಬೇಡವೆನಿಸಿದ್ದೇ ಇಲ್ಲ. ಬಾಗಿಲು ಹೆರೆಯುವ ನೆಪದಲ್ಲಿ ಒಂದು ಗಂಟೆ ಇನ್ನೊಬ್ಬರ ಮನೆಯ ಸದ್ದಿನಲ್ಲಿ ಕೂತಿರಬಹುದಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು, ಯಾರೋ ಯಾರನ್ನೋ ಗದರುವುದು, ಮಗುವಿನ ರಂಪ. ಕೊರಡನ್ನು ನೂಕುವಾಗ ಒಂದೊಂದು ನೂಕಿಗೂ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುವುದು ಅವನಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹಾಗೆ ಹೇಳಿಕೊಳ್ಳುತ್ತ ಹೆರೆಯುತ್ತಿದ್ದರೆ ಹೊತ್ತು ಹೋಗುತ್ತಿತ್ತು.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕರೆ ಬಂದದ್ದು ಎರಡನೆಯ ಮಹಡಿಯಿಂದ, ಅವನ ಮನೆಯ ನೇರ ಮೇಲಿನ ಮನೆಯಿಂದ. ಅಲ್ಲಿ ಇದ್ದವಳು ಅವನ ನಾದಿನಿ, ಹೆಂಡತಿಯ ತಂಗಿ. ಗಂಡನನ್ನು ಕಳೆದುಕೊಂಡ ಮೇಲೆ ಅಕ್ಕನ ಹತ್ತಿರವಿರಲೆಂದು ಅಲ್ಲಿಗೆ ಬಂದವಳು. ಬಲಗಾಲಿನ ಮಂಡಿ ಕೆಟ್ಟು ಗೋಡೆ ಹಿಡಿದು ನಡೆಯುತ್ತಿದ್ದಳು. ಕಾಲು ಸೋತರೂ ಬಾಯಿ ಸೋತಿರಲಿಲ್ಲ. ಅವನನ್ನು ‘ಭಾವ’ ಎಂದು ಕರೆಯುವವರು ಈಗ ಲೋಕದಲ್ಲಿ ಅವಳೊಬ್ಬಳೇ.

“ಇದು ನಾಲ್ಕನೇ ಸಲ ಭಾವ. ಹೀಗೇ ಹೆರೀತಾ ಹೋದ್ರೆ ಕೊನೆಗೆ ಬಾಗಿಲೇ ಇರಲ್ಲ, ಪರದೆ ಹಾಕ್ಕೋಬೇಕಾಗತ್ತೆ.”

“ಉಬ್ಬಿದೆ ಕಣೇ. ಏನ್ ಮಾಡ್ಲಿ?” ಅಂದು ಅವನು ಎರಡು ಸಲ ಕೊರಡು ನೂಕಿದ.

“ಮಳೆ ಹೋಗಿ ಐದು ತಿಂಗಳಾಯ್ತು. ಒಣಹಾಕಿದ ಬಟ್ಟೆ ಕಾಲು ಗಂಟೇಲಿ ಗರಿಗರಿ ಆಗತ್ತೆ. ಈ ಬಿಸಿಲಿಗೆ ಯಾವ ಮರ ಉಬ್ಬತ್ತೆ? ನಿಮ್ಮ ಮುಖ ಒಂದು ಬಿಟ್ರೆ ಈ ಕಟ್ಟಡದಲ್ಲಿ ಉಬ್ಬಿರೋದು ನನಗೇನೂ ಕಾಣಲ್ಲ.”

ಅವನು ನಗುವವನಿದ್ದ. ನಗು ಬರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಮರದ ಸುರುಳಿಯೊಂದನ್ನು ಎತ್ತಿ ಬೆರಳಿನಲ್ಲಿ ಒತ್ತಿದ. ಅದು ಹಪ್ಪಳದ ಹಾಗೆ ಪುಡಿಯಾಯಿತು. ನೀರಿನ ಪಸೆಯೇ ಇಲ್ಲದ ಮರ. ಇನ್ನೊಂದು ಮಾತು ಅವನಿಗೆ ಆಗ ಹೊಳೆಯಿತು: ಮರ ಉಬ್ಬಿದರೆ ಅಂಚಿನುದ್ದಕ್ಕೂ ಉಬ್ಬುತ್ತದೆ. ಇದು ಹಿಡಿಯುತ್ತಿದ್ದದ್ದು ಮೇಲಿನ ಒಂದೇ ಮೂಲೆಯಲ್ಲಿ.

ಚೀಲದಿಂದ ಹುರಿ ತೆಗೆದು ಬಾಗಿಲಿನ ಚೌಕಟ್ಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿದು ಗಂಟು ಹಾಕಿಕೊಂಡ. ಅದೇ ಹುರಿಯನ್ನು ಉಳಿದೆರಡು ಮೂಲೆಗಳಿಗೆ ಹಿಡಿದ. ನೆಟ್ಟಗೆ ನಿಂತ ಚೌಕಟ್ಟಿನಲ್ಲಿ ಎರಡೂ ಒಂದೇ ಅಳತೆ ಬರಬೇಕು. ಮೂರು ಬೆರಳು ವ್ಯತ್ಯಾಸ ಬಂತು. ಕೈ ತಪ್ಪಿರಬೇಕೆಂದು ಮತ್ತೆ ಹಿಡಿದ. ಮತ್ತೆ ಮೂರು ಬೆರಳು.

“ಏನು ಭಾವ, ಬಾಗಿಲಿಗೆ ಅಂಗಿ ಹೊಲಿಸ್ತೀರಾ?”

ಅವನಿಗೆ ಮಾತು ಕೇಳಿಸಲಿಲ್ಲ. ಹತ್ತು ತಿಂಗಳಲ್ಲಿ ತಾನು ಹೆರೆದ ಬಾಗಿಲುಗಳನ್ನು ಒಂದೊಂದಾಗಿ ನೆನೆಯುತ್ತಿದ್ದ. ಮೊದಲು ಹಿಡಿದದ್ದು ಅವನ ಮನೆಯದೇ. ಹೆಂಡತಿ ಹೋದ ವಾರ, ನಂಟರು ಬಂದು ಹೋಗುವಾಗ ಕಿರ್ರೆಂದು ಸದ್ದು ಮಾಡುತ್ತಿದ್ದ ಬಾಗಿಲು. ಆಮೇಲೆ ಇವಳದು. ಆಮೇಲೆ ಇವಳ ಮೇಲಿನ ಮನೆಯ ದರ್ಜಿಯದು. ಮೂರೂ ಒಂದರ ಮೇಲೊಂದು ಇರುವ ಮನೆಗಳು. ಮೂರೂ ಬೀದಿಯ ಕಡೆಯ ಮೇಲುಮೂಲೆಯಲ್ಲೇ ಹಿಡಿದದ್ದು. ಬಾಗಿಲು ಉಬ್ಬಿರಲಿಲ್ಲ. ಚೌಕಟ್ಟು ಬಾಗಿತ್ತು. ಚೌಕಟ್ಟು ತಾನಾಗಿ ಬಾಗುವುದಿಲ್ಲ, ಅದನ್ನು ಹೊತ್ತ ಗೋಡೆ ಕೂತರೆ ಬಾಗುತ್ತದೆ. ಗೋಡೆ ಕೂರುವುದು ಅದರ ಕೆಳಗಿನದು ಕೂತಾಗ.

ಪ್ರತಿ ಸಲ ಗೋಡೆ ಕೂತಾಗಲೂ ಬಾಗಿಲು ಹಿಡಿದು ಹೇಳುತ್ತಿತ್ತು. ಪ್ರತಿ ಸಲವೂ ಇವನು ಹೋಗಿ ಹೆರೆದು ಅದರ ಬಾಯಿ ಮುಚ್ಚಿಸಿ ಬಂದಿದ್ದ.

“ನೀನು ಬಾಗಿಲು ಹಾಕ್ಕೊಂಡಿರು. ಕೆಳಗೆ ಒಂದ್ಸಲ ನೋಡಿ ಬರ್ತೀನಿ” ಅಂದು ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ. ಅರವತ್ತೆಂಟು ವರ್ಷದ ಕಾಲುಗಳು ಒಂದಕ್ಕೊಂದು ತೊಡರುತ್ತಿದ್ದವು.

ಆ ಮೂರು ಮನೆಗಳ ಕೆಳಗೆ, ಬೀದಿಯ ಮಟ್ಟದಲ್ಲಿ ಇದ್ದದ್ದು ಇಸ್ತ್ರಿ ಅಂಗಡಿ. ಅಂಗಡಿಯ ಮೂಲೆಯಲ್ಲಿ ಒಂದು ಕಂಬ. ಮೂರು ವರ್ಷದ ಹಿಂದೆ ಆ ಕಂಬದ ಗಾರೆ ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಕಟ್ಟಡದ ಸಂಘದ ಕಾರ್ಯದರ್ಶಿ ಬಡಗಿಯನ್ನು ಕರೆದು, “ಸಿಮೆಂಟು ಆಮೇಲೆ ಹಾಕಿಸೋಣ, ಸದ್ಯಕ್ಕೆ ಚೆನ್ನಾಗಿ ಕಾಣೋ ಹಾಗೆ ಹಲಗೆ ಹೊಡೆದುಬಿಡಿ” ಅಂದಿದ್ದ. ಯಾವುದಕ್ಕೂ ಆಮೇಲೆ, ಆಮೇಲೆ ಎನ್ನುವ ಅವನನ್ನು ಕಟ್ಟಡದವರು ಬೆನ್ನ ಹಿಂದೆ ಆಮೇಲಪ್ಪ ಎನ್ನುತ್ತಿದ್ದರು. ಬಡಗಿ ಹಲಗೆ ಹೊಡೆದಿದ್ದ. ತುಕ್ಕು ನೋಡಿಯೇ ಹೊಡೆದಿದ್ದ. ಕಂಬ ಗಾರೆಯವರ ಕೆಲಸ, ತನ್ನದು ಮರ ಎಂದುಕೊಂಡು, ಮೇಲೆ ಮೆರುಗೆಣ್ಣೆಯನ್ನೂ ಬಳಿದಿದ್ದ.

ಈಗ ಅದೇ ಹಲಗೆಗಳ ಸಂದಿಗೆ ಉಳಿ ತೂರಿಸಿದ.

“ಏನ್ ಯಜಮಾನ್ರೇ, ನೀವೇ ಹೊಡೆದದ್ದು ನೀವೇ ಕೀಳ್ತೀರಾ? ಮಾಡೋಕೆ ಕೆಲಸ ಸಾಲ್ದೇ ಹೋಯ್ತಾ?” ಅಂದ ಇಸ್ತ್ರಿಯವನು, ಪೆಟ್ಟಿಗೆಯನ್ನು ಅಂಗಿಯ ತೋಳಿನ ಮೇಲೆ ಓಡಿಸುತ್ತ.

ಹಲಗೆ ಕೀಳಬೇಕಾಗಿಯೇ ಇರಲಿಲ್ಲ. ಉಳಿ ತಾಗಿದ್ದೇ ತಡ ಮೊಳೆಗಳು ಸಿಡಿದು ಅದು ತಾನಾಗಿ ಕಳಚಿ ಬಿತ್ತು. ಒಳಗಿನಿಂದ ಏನೋ ಅದನ್ನು ದಬ್ಬುತ್ತಿತ್ತು. ಕಂಬದ ಬುಡದಲ್ಲಿ ಗಾರೆ ರಾಗಿ ಹಿಟ್ಟಿನ ಹಾಗೆ ರಾಶಿ ಬಿದ್ದಿತ್ತು. ಹೆಬ್ಬೆರಳಿನಷ್ಟು ದಪ್ಪವಿರಬೇಕಾದ ಕಬ್ಬಿಣದ ಸಲಾಕೆಗಳು ಕಡ್ಡಿಯಷ್ಟಾಗಿ, ನಡುವಿನಲ್ಲಿ ಬಿಲ್ಲಿನ ಹಾಗೆ ಹೊರಕ್ಕೆ ಬಗ್ಗಿದ್ದವು. ಅವನು ನೋಡುತ್ತಿರುವಾಗಲೇ ಒಳಗೆಲ್ಲೋ ‘ಟಕ್’ ಎಂದಿತು. ಉಗುರಿನಷ್ಟು ಚಕ್ಕೆಯೊಂದು ಕಳಚಿ ಅವನ ಪಾದದ ಮೇಲೆ ಬಿತ್ತು.

ಇಸ್ತ್ರಿಯವನು ಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಹತ್ತಿರ ಬಂದ. ಅಂಗಿ ಸುಟ್ಟ ವಾಸನೆ ಬಂದರೂ ತಿರುಗಲಿಲ್ಲ.

“ದೇವರೇ” ಅಂದ ಬಡಗಿ. ಮುಂದಿನ ಹೆಸರು ನಾಲಗೆಗೆ ಬರಲಿಲ್ಲ. ಅರವತ್ತು ವರ್ಷ ಹೇಳಿಕೊಂಡು ಬಂದ ಹೆಸರು.

ಆಮೇಲಪ್ಪ ಅಂಗಡಿಯ ಹಿಂದಿನ ಮನೆಯಲ್ಲಿ ಪತ್ರಿಕೆ ಓದುತ್ತ ಕೂತಿದ್ದ. ಬಡಗಿ ಹೋಗಿ ಕಂಡದ್ದನ್ನು ಹೇಳಿದ. “ಭಾನುವಾರ ಸಭೆ ಇದೆ ಬಡಗಿಯವರೇ, ಅಲ್ಲಿ ಹೇಳಿ. ಇಂಜಿನಿಯರ್ ಹೇಳ್ಬೇಕಾದ್ದನ್ನ ನೀವು ಹೇಳಿದ್ರೆ ಜನ ನಗ್ತಾರೆ.”

ಬಡಗಿ ವಾದಕ್ಕೆ ನಿಲ್ಲಲಿಲ್ಲ. ಅವನ ಮಣಿಕಟ್ಟು ಹಿಡಿದು, ಕನ್ನಡಕ ಜಾರುತ್ತಿದ್ದಂತೆಯೇ ಎಳೆದುಕೊಂಡು ಬಂದು, ಅಂಗೈಯನ್ನು ಕಂಬಕ್ಕೆ ಒತ್ತಿ ಹಿಡಿದ. “ಮಾತಾಡಬೇಡಿ. ಸುಮ್ಮನೆ ಇಟ್ಟಿರಿ.”

ಕಂಬ ನಡುಗುತ್ತಿತ್ತು. ಜ್ವರದವರ ಮೈ ನಡುಗುವಷ್ಟೇ, ಸಣ್ಣಗೆ. ಆಮೇಲಪ್ಪನ ಮುಖದಿಂದ ರಕ್ತ ಇಳಿದುಹೋಯಿತು. ಕೈ ಕಿತ್ತುಕೊಂಡು, “ಎಲ್ಲರನ್ನೂ ಇಳಿಸ್ಬೇಕು” ಅಂದ. “ಈಗಲೇ.”

ಇಸ್ತ್ರಿಯವನಿಗೆ ಗಂಟಲು ದೊಡ್ಡದು. ಅವನು ಹಿತ್ತಲಿನಿಂದ ಕೂಗಿದ. ಆಮೇಲಪ್ಪ ಒಂದೊಂದು ಬಾಗಿಲೂ ಬಡಿದ. ಜನ ಗೊಣಗುತ್ತ ಇಳಿದರು. ಒಬ್ಬಳ ಕೈಯಲ್ಲಿ ಸೌಟು, ಒಬ್ಬನ ಕೆನ್ನೆಯ ತುಂಬ ಕ್ಷೌರದ ನೊರೆ. ದರ್ಜಿ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಬಂದ. ಬಡಗಿ ಬೀದಿಯಲ್ಲಿ ನಿಂತು ಮುಖಗಳನ್ನು ನೋಡುತ್ತ ಹೋದ. ನಾದಿನಿಯ ಮುಖ ಕಾಣಲಿಲ್ಲ.

“ಅವರ ಬಾಗಿಲು ತೆಗೀಲಿಲ್ಲ” ಅಂದ ಆಮೇಲಪ್ಪ. “ಒಳಗಿಂದ ಎಳೀತಿದ್ದಾರೆ, ನಾನೂ ದಬ್ಬಿ ನೋಡಿದೆ...”

ಬಾಗಿಲು ಹಾಕ್ಕೊಂಡಿರು ಎಂದು ಹೇಳಿ ಬಂದವನು ತಾನೇ. ಬಡಗಿ ಮೆಟ್ಟಿಲು ಹತ್ತಿದ. ಗೋಡೆಗೆ ಕೈ ತಾಗದಂತೆ, ಮೆಟ್ಟಿಲಿನ ಅಂಚಿನಲ್ಲಿ ಹೆಜ್ಜೆ ಇಟ್ಟು ಹತ್ತಿದ. ತನ್ನ ತೂಕವೇ ಹೆಚ್ಚಾಗಿಬಿಟ್ಟೀತೆಂಬ ಹೆದರಿಕೆ.

“ಭಾವ?” ಬಾಗಿಲಿನ ಆಚೆಯಿಂದ ಅವಳ ದನಿ. “ಇದು ಅಲ್ಲಾಡ್ತಿಲ್ಲ. ಹೆರೀರಿ ಬೇಗ.”

ಕೈ ತಾನಾಗಿ ಕೊರಡಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಚೌಕಟ್ಟಿನ ಮೇಲಿನ ಅಡ್ಡಮರ ಬಾಗಿಲಿನ ತಲೆಯ ಮೇಲೆ ಪೂರ್ತಿ ಕೂತುಬಿಟ್ಟಿತ್ತು. ಮೇಲಿನ ಗೋಡೆಯ ಭಾರ ಈಗ ಈ ಬಾಗಿಲಿನ ಮೇಲೆ. ತಡೆಯುವಷ್ಟು ಹೊತ್ತು ಅದೇ ಈಗ ಕಂಬ. ಒಂದು ಸುರುಳಿ ಹೆರೆದರೂ, ಕೀಲು ಬಿಚ್ಚಿದರೂ, ಒದ್ದು ಮುರಿದರೂ ಮೇಲಿನದೆಲ್ಲ ಇಬ್ಬರ ತಲೆಯ ಮೇಲೆ.

“ಎಳೀಬೇಡ” ಅಂದ. “ಬಾಗಿಲು ಮುಟ್ಟಬೇಡ. ಹಿಂದೆ ಸರಿ.”

“ಯಾಕೆ ನಿಮ್ಮ ದನಿ ಹಾಗಿದೆ?”

“ಹಿಂದೆ ಸರಿ ಅಂದೆ.”

ಹಳೆಯ ಕಾಲದ ಬಾಗಿಲು. ಎರಡು ಕಡೆ ನಿಲುವು ಪಟ್ಟಿ, ಮೇಲೆ ಕೆಳಗೆ ಅಡ್ಡ ಪಟ್ಟಿ, ನಡುವೆ ಕೂರಿಸಿದ ತೆಳು ಹಲಗೆಗಳು. ಭಾರ ನಿಂತಿರುವುದು ನಿಲುವು ಪಟ್ಟಿಗಳ ಮೇಲೆ. ಹಲಗೆಗೆ ಭಾರವಿಲ್ಲ. ಅವನು ಮಂಡಿಯೂರಿ ಕೆಳಗಿನ ಹಲಗೆಯ ಸುತ್ತಲಿನ ಸಣ್ಣ ಪಟ್ಟಿಗಳನ್ನು ಉಳಿಯಿಂದ ಎಬ್ಬಿಸತೊಡಗಿದ. ಸುತ್ತಿಗೆ ಬಳಸುವ ಧೈರ್ಯವಾಗಲಿಲ್ಲ, ಅಂಗೈಯಿಂದಲೇ ಉಳಿಯ ಹಿಡಿಯನ್ನು ದಬ್ಬಿದ. ಅಂಗೈ ಹರಿಯಿತು. ತಲೆಯ ಮೇಲೆ ಸುಣ್ಣದ ಪುಡಿ ಉದುರುತ್ತಲೇ ಇತ್ತು. ಎರಡು ಸಲ ಚೌಕಟ್ಟು ನರಳಿತು. ಎರಡು ಸಲವೂ ಅವನು ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದ.

ಹಲಗೆ ಕಳಚಿತು. ಆಚೆ ಅವಳ ಪಾದಗಳು ಕಂಡವು.

“ತೆವಳಿ ಬಾ. ಪಟ್ಟಿಗೆ ಮೈ ತಾಗಬಾರದು.”

“ಈ ಕಿಂಡೀಲಿ ನಾನಾ? ಬೆಕ್ಕು ಅನ್ಕೊಂಡ್ರಾ ನನ್ನ?” ದನಿ ನಡುಗುತ್ತಿದ್ದರೂ ಮಾತು ಬಿಡಲಿಲ್ಲ. ತಲೆ ಬಂತು, ಭುಜ ಓರೆಯಾಗಿ ಬಂತು, ಸೊಂಟ ಸಿಕ್ಕಿಕೊಂಡಿತು. “ಭಾವ, ಆಗಲ್ಲ. ನೀವು ಹೋಗಿ.”

“ಉಸಿರು ಹೊರಗೆ ಬಿಡು. ಪೂರ್ತಿ ಬಿಡು.”

ಅವನು ಅವಳ ಎರಡೂ ಕಂಕುಳಿಗೆ ಕೈ ಕೊಟ್ಟು ನೆಲದ ಮೇಲೆಯೇ ಎಳೆದ. ಕೆಟ್ಟ ಮಂಡಿ ಕಿಂಡಿಯ ಅಂಚಿಗೆ ಉಜ್ಜಿದಾಗ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೆಟ್ಟಿಲುಗಳನ್ನು ಹೇಗೆ ಇಳಿದರೆಂದು ಆಮೇಲೆ ಇಬ್ಬರಿಗೂ ನೆನಪಾಗಲಿಲ್ಲ. ಅವನ ಬೆನ್ನ ಮೇಲೆ ಅವಳಿದ್ದಳೆಂದು ನೋಡಿದವರು ಹೇಳಿದರು.

ಆದರೆ ಕಟ್ಟಡ ಬೀಳಲಿಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಬಿಸಿಲಿನಲ್ಲಿ ಎಂದಿನಂತೆಯೇ ನಿಂತಿತ್ತು. ಬಾಲ್ಕನಿಗಳಲ್ಲಿ ಬಟ್ಟೆ ಗಾಳಿಗೆ ಆಡುತ್ತಿತ್ತು. ನಗರಸಭೆಯ ಕಚೇರಿಗೆ ಫೋನು ಮಾಡಿದ್ದ ಆಮೇಲಪ್ಪ ಬಂದು, “ಊಟ ಮುಗಿಸಿ ಆಮೇಲೆ ಬರ್ತಾರಂತೆ” ಅಂದ. ಯಾರೂ ನಗಲಿಲ್ಲ. ಆದರೆ ಹೆದರಿಕೆ ಸಡಿಲವಾಗತೊಡಗಿತ್ತು. ಒಬ್ಬಳಿಗೆ ಒಲೆಯ ಮೇಲಿನ ಹಾಲಿನ ಚಿಂತೆ, ಒಬ್ಬನಿಗೆ ಸಕ್ಕರೆ ಕಾಯಿಲೆಯ ಮಾತ್ರೆ. ದರ್ಜಿ ಅಂದ, “ಎರಡೇ ನಿಮಿಷ, ನಾಳೆ ಕೊಡಬೇಕಾದ ಬಟ್ಟೆ ತಂದುಬಿಡ್ತೀನಿ.” ನಾಲ್ಕೈದು ಜನ ಅವನ ಹಿಂದೆ ಗೇಟಿನತ್ತ ಹೆಜ್ಜೆ ಹಾಕಿದರು.

ಬಡಗಿ ಹೋಗಿ ಗೇಟಿಗೆ ಅಡ್ಡವಾಗಿ ನೆಲದ ಮೇಲೆ ಕೂತ.

“ಏಳಿ ಯಜಮಾನ್ರೇ. ಬೀಳೋದಾಗಿದ್ರೆ ಇಷ್ಟೊತ್ತಿಗೆ ಬೀಳ್ತಿತ್ತು. ಮರದ ಕೆಲಸದವರು ನೀವು, ಕಂಬದ ವಿಷಯ ನಿಮಗೇನು ಗೊತ್ತು?”

“ಗೊತ್ತು” ಅಂದ ಬಡಗಿ. “ಆ ಕಂಬಕ್ಕೆ ಹಲಗೆ ಹೊಡೆದದ್ದು ನಾನು. ಒಳಗೆ ಏನಿದೆ ಅಂತ ನೋಡಿಯೇ ಹೊಡೆದೆ. ಯಾರಿಗೂ ಹೇಳಲಿಲ್ಲ. ನಿಮ್ಮ ಬಾಗಿಲು ಹಿಡಿದಾಗೆಲ್ಲ ಉಬ್ಬಿದೆ ಅಂತ ಹೆರೆದು ಹೋದೆ. ಮೂರು ವರ್ಷ ನಿಮ್ಮನ್ನೆಲ್ಲ ಅದರ ಮೇಲೆ ಮಲಗಿಸಿದೆ. ಬೈಯೋದಿದ್ರೆ ಬೈಯಿರಿ. ಒಳಗೆ ಮಾತ್ರ ಹೋಗಬೇಡಿ.”

ದರ್ಜಿ ನಿಂತ. ತನ್ನ ಮೇಲೆಯೇ ಹೊರೆ ಹೊತ್ತುಕೊಂಡು ಸುಳ್ಳು ಹೇಳುವವರು ಇರುವುದಿಲ್ಲ. ಜನ ಒಬ್ಬೊಬ್ಬರಾಗಿ ಬೀದಿಯ ಆ ಬದಿಗೆ ಸರಿದರು.

ಬಡಗಿ ಕೂತಲ್ಲಿಯೇ ಕೂತಿದ್ದ. ದೇವರ ಹತ್ತಿರ ಏನು ಬೇಡಬೇಕೆಂದೇ ತಿಳಿಯಲಿಲ್ಲ. ನಿಲ್ಲಲಿ ಎಂದರೆ ಸಂಜೆಗೆ ಎಲ್ಲರೂ ಒಳಗೆ ಹೋಗಿ ಮಲಗುತ್ತಾರೆ. ಬೀಳಲಿ ಎಂದರೆ ಹದಿನಾರು ಮನೆ ಬೀದಿಪಾಲು. ಕೊನೆಗೆ, ಬೀಳುವುದಾದರೆ ಒಳಗೆ ಯಾರೂ ಇಲ್ಲದ ಈ ಹೊತ್ತಿನಲ್ಲೇ ಬೀಳಿಸು ತಂದೆ ಎಂದು ಬೇಡಿದ. ಬೇಡಿದ ಮರುಕ್ಷಣ ತನ್ನ ಬೇಡಿಕೆಗೆ ತಾನೇ ಹೆದರಿದ. ಯಾಕೆಂದರೆ ಮೊದಲನೆಯ ಮಹಡಿಯ ಗೂಡಿನಲ್ಲಿ, ದೇವರ ಪಟದ ಪಕ್ಕ, ಹೆಂಡತಿಯ ಕನ್ನಡಕ ಇತ್ತು. ಗಾಜಿನ ಮೇಲೆ ಅವಳ ಬೆರಳಿನ ಗುರುತು ಹಾಗೆಯೇ ಇತ್ತು. ಹತ್ತು ತಿಂಗಳಿಂದ ಅವನು ಅದನ್ನು ಒರೆಸಿರಲಿಲ್ಲ. ಹದಿನೆಂಟು ಮೆಟ್ಟಿಲು. ಎರಡೇ ನಿಮಿಷ.

ಅವನ ಕಾಲು ಎದ್ದು ನಿಲ್ಲಲು ಹವಣಿಸಿತು. ಬೀದಿಯ ಆಚೆಯಿಂದ ನಾದಿನಿ ನೋಡಿದಳು. ಕುಂಟುತ್ತ ಬಂದು ಅವನ ತೋಳು ಹಿಡಿದಳು.

“ಅಕ್ಕನ ಸಾಮಾನು ಅಲ್ವಾ?”

ಅವನು ಮೊದಲನೆಯ ಮಹಡಿಯ ತನ್ನ ಕಿಟಕಿಯನ್ನೇ ನೋಡಿದ.

“ನನ್ನನ್ನ ಈಚೆ ಎಳೆದು ತಂದಿದ್ದೀರಿ. ನಾಳೆ ನಾನು ಯಾರನ್ನ ಭಾವ ಅಂತ ಕರೀಲಿ? ಬನ್ನಿ ಈ ಕಡೆ.”

ಅವನು ಎದ್ದ. ಅವಳು ಅವನನ್ನೋ ಅವನು ಅವಳನ್ನೋ, ಒಬ್ಬರನ್ನೊಬ್ಬರು ಆತುಕೊಂಡು ಬೀದಿ ದಾಟಿದರು. ಆಚೆಯ ಕಟ್ಟೆಯ ಮೇಲೆ ಇನ್ನೂ ಕೂತಿರಲಿಲ್ಲ, ಹಿಂದಿನಿಂದ ದೊಡ್ಡ ಮರದ ತೊಲೆಯೊಂದು ಉದ್ದಕ್ಕೂ ಸೀಳಿಹೋಗುವಂಥ ಸದ್ದು ಬಂತು. ಆಮೇಲೆ ಬಂದದ್ದು ಸದ್ದಲ್ಲ, ಎದೆಗೆ ಗುದ್ದಿದ ಹಾಗೆ ಒಂದು ಗಾಳಿ. ಬೀದಿಯ ಕಡೆಯ ಮೂಲೆ ಪೂರ್ತಿ, ಕೆಳಗಿನಿಂದ ಮೇಲಿನವರೆಗೆ, ಕೂತವರು ಕೂತಲ್ಲೇ ಕುಸಿಯುವ ಹಾಗೆ ಇಳಿದುಹೋಯಿತು. ಬಿಳಿಯ ಧೂಳು ಬಂದು ಎಲ್ಲರನ್ನೂ ಮುಚ್ಚಿತು.

ಧೂಳಿನೊಳಗೆ ಯಾರಿಗೂ ಯಾರೂ ಕಾಣುತ್ತಿರಲಿಲ್ಲ. ಆಮೇಲಪ್ಪನ ದನಿ ಒಂದೊಂದೇ ಮನೆಯವರನ್ನು ಕೂಗುತ್ತಿತ್ತು, ಒಂದೊಂದು ಕೂಗಿಗೂ ಕೆಮ್ಮುತ್ತ ಯಾರೋ ಓಗೊಡುತ್ತಿದ್ದರು. ಬಡಗಿ ಕಣ್ಣು ಮುಚ್ಚಿ, ಕೂಗುವವನ ಮನೆಯನ್ನು ಮೊದಲೇ ಸೇರಿಸಿಕೊಂಡು, ಒಂದೊಂದು ಓಗೊಡುವಿಕೆಯನ್ನೂ ಬೆರಳಿನ ಗೆಣ್ಣಿನ ಮೇಲೆ ಎಣಿಸಿದ. ಹದಿನೈದನೆಯದಾದ ಮೇಲೆ ಓಗೊಡುವುದು ನಿಂತಿತು. ಅವನ ಹೆಬ್ಬೆರಳು ಗೆಣ್ಣಿನ ಮೇಲೆಯೇ ಉಳಿಯಿತು.

“ಇನ್ನೊಂದು ಮನೆ?” ಅಂದ.

“ಅದು ನಿಮ್ಮದು ಭಾವ” ಅಂದಳು ನಾದಿನಿ, ಅವನ ತೋಳನ್ನು ಬಿಡದೆ. “ಇದ್ದೀನಿ ಅನ್ನಿ.”