ಸವೆದ ಅಲಗುಗಳು

“ಎಂಟನೇ ಕ್ಲಾಸು ಪೂರ್ತಿ ಮಾಡೋಕಾಗದೋನು ನನ್ನ ನಕ್ಷೆ ತಿದ್ದೋಕೆ ಬಂದಿದ್ದಾನೆ, ನೋಡ್ರಪ್ಪಾ! ನೀನು ಬೆಂಕಿ ಹಾರಿಸೋನು, ನಿಮ್ಮಮ್ಮ ಸಾಣೆ ಹಿಡಿಯೋಳು. ಅಲಗಿನ ಆಕಾರದ ಮಾತನ್ನ ಅದನ್ನ ಓದ್ಕೊಂಡು ಬಂದೋರಿಗೆ ಬಿಡು.”

ಅಳಿಯ ಇದನ್ನು ಹೇಳಿದ್ದು ಚಾಕು ಕಾರ್ಖಾನೆಯ ನಡುಮೇಜಿನ ಬಳಿ, ಹನ್ನೊಂದು ಜನರ ಎದುರಿಗೆ. ಮಾಲೀಕರಾದ ಅಮ್ಮಾವ್ರ ಮಗಳ ಗಂಡ ಅವನು. ಆದರೆ ಬಾಗಿಲು ಕಾಯುವ ಮುದುಕನಿಂದ ಹಿಡಿದು ಎಲ್ಲರೂ ಅವನನ್ನು ಅಳಿಯ ಎಂದೇ ಕರೆಯುತ್ತಿದ್ದರು, ಹೆಣ್ಣು ಕೊಟ್ಟವರು ತಾವೇ ಎಂಬಂತೆ. ಹಿಡಿ ಕೂರಿಸುವವನು ಮೊದಲು ಕಿಸಕ್ಕೆಂದ. ಆಮೇಲೆ ಉಳಿದವರೆಲ್ಲ ನಕ್ಕರು.

ಬೈಸಿಕೊಂಡವನಿಗೆ ಎಲ್ಲರೂ ಇಟ್ಟ ಹೆಸರು ಕಿಡಿ. ಇಪ್ಪತ್ಮೂರು ವಯಸ್ಸು, ಗ್ರೈಂಡರಿನ ಮುಂದೆ ಕೂತು ಹೊಸ ಅಲಗುಗಳನ್ನು ಉಜ್ಜುವ ಕೆಲಸ, ಮೂಗಿನ ತುದಿಯಲ್ಲಿ ಸಿಟ್ಟು. ತನ್ನನ್ನು ಅಂದದ್ದನ್ನಾದರೂ ನುಂಗಿಕೊಳ್ಳುತ್ತಿದ್ದನೇನೋ. ಅಮ್ಮನನ್ನು ಯಾಕೆ ಎಳೆದ? ಮುಂದಿನ ಕೋಣೆಯ ಕಿಟಕಿಯ ಬಳಿ, ಊರಿನವರು ತಂದ ಮೊಂಡು ಚಾಕುವಿಗೆ ಸಾಣೆ ಹಿಡಿಯುತ್ತ ಅಮ್ಮ ಕೂತಿದ್ದಳು, ಮಾತು ಕೇಳಿಸುವಷ್ಟೇ ದೂರದಲ್ಲಿ. ಸಾಣೆಕಲ್ಲಿನ ಮೇಲಿದ್ದ ಅವಳ ಕೈ ಮಾತ್ರ ನಿಲ್ಲಲಿಲ್ಲ.

ಜಗಳದ ಮೂಲ ಇದು. ಈ ಕಾರ್ಖಾನೆಯಲ್ಲಿ ಮೊದಲಿನಿಂದಲೂ ಏಳು ಬಗೆಯ ಜೇಬುಚಾಕು ಆಗುತ್ತಿದ್ದವು, ಎಲ್ಲವೂ ಕೈಯಲ್ಲೇ. ಈಗ ದೊಡ್ಡ ಪ್ರೆಸ್ಸು ಬಂದಿತ್ತು. ಪ್ರೆಸ್ಸಿಗೆ ಅಚ್ಚು ಬೇಕು, ಅಚ್ಚು ಒಂದೇ. ಹಾಗಾಗಿ ಇನ್ನು ಮುಂದೆ ಒಂದೇ ಚಾಕು, ಅದಕ್ಕೆ ಒಂದೇ ಅಲಗು. ಅಚ್ಚು ಕೊರೆಯುವವನು ಸಂಜೆ ನಾಲ್ಕಕ್ಕೆ ನಕ್ಷೆ ಒಯ್ಯಲು ಬರುತ್ತಾನೆ. ಒಮ್ಮೆ ಕೊರೆದರೆ ಇಪ್ಪತ್ತು ವರ್ಷ ಅದೇ ಆಕಾರ. ಅಳಿಯ ಬರೆದದ್ದು ನೋಡಲು ಚಂದವೇ: ತುದಿಯ ಹತ್ತಿರ ಅಲಗಿನ ಬೆನ್ನನ್ನು, ಎಂದರೆ ಹರಿತವಿಲ್ಲದ ಮೇಲಂಚನ್ನು, ತೋಡಿ, ಸೂಜಿಯಂಥ ಮೊನೆ.

“ಈ ಮೊನೆ ಬಾಳಲ್ಲ. ಗ್ರೈಂಡರಿಗೆ ಹಿಡಿದ ತಕ್ಷಣ ಕಾದು ನೀಲಿ ಆಗುತ್ತೆ. ಸುಟ್ಟ ಉಕ್ಕು ಅದು, ಹರಿತ ನಿಲ್ಲಲ್ಲ,” ಎಂದಿದ್ದ ಕಿಡಿ.

“ಹಾಗಾದ್ರೆ ಯಾವ್ದು ಸರಿ? ಹೇಳಪ್ಪಾ,” ಎಂದು ಅಮ್ಮಾವ್ರು ನಿಜವಾಗಿಯೇ ಕೇಳಿದ್ದರು.

ಕಿಡಿ ಬಾಯಿ ತೆರೆದ. ಏನೂ ಬರಲಿಲ್ಲ. ಆ ಸಂದಿಗೇ ಅಳಿಯ ತನ್ನ ಮಾತನ್ನು ತೂರಿಸಿದ್ದು.

ಮೈಯೆಲ್ಲ ಉರಿಯುತ್ತ ಕಿಡಿ ಹಿಂದಿನ ಉಗ್ರಾಣಕ್ಕೆ ನುಗ್ಗಿದ. ಕಾಲಿಗೆ ಸಿಕ್ಕಿದ್ದು ಒಂದು ತಗಡಿನ ಪೆಟ್ಟಿಗೆ. ಬಲವಾಗಿ ಒದ್ದ. ಪೆಟ್ಟಿಗೆ ಒಂದಿಂಚೂ ಕದಲಲಿಲ್ಲ, ಇವನ ಹೆಬ್ಬೆರಳು ಮಾತ್ರ ಪ್ರಾಣ ಹೋಗುವಂತೆ ನೊಂದಿತು. ಕುಂಟುತ್ತ ಎರಡು ಸುತ್ತು ಕುಣಿದು, ನೆಲದಲ್ಲಿ ಕೂತು, ಯಾರೂ ನೋಡಲಿಲ್ಲವಷ್ಟೇ ಎಂದು ಬಾಗಿಲ ಕಡೆ ಕಣ್ಣು ಹಾಯಿಸಿದ. ಒದ್ದ ಏಟಿಗೆ ಮುಚ್ಚಳ ತೆರೆದುಕೊಂಡಿತ್ತು.

ಒಳಗೆ ಬರೀ ಹಳೆಯ ಚಾಕುಗಳು. ಸವೆದುಹೋದ ಚಾಕುವನ್ನು ತಂದುಕೊಟ್ಟವರಿಗೆ ಹೊಸದನ್ನು ಕೊಡುವುದು ಇಲ್ಲಿಯ ವಾಡಿಕೆ. ಬಂದ ಹಳೆಯದನ್ನು ಎಂದಾದರೂ ಕರಗಿಸೋಣ ಎಂದು ಈ ಪೆಟ್ಟಿಗೆಗೆ ಎಸೆಯುತ್ತಿದ್ದರು. ಆ ‘ಎಂದಾದರೂ’ ಮೂವತ್ತು ವರ್ಷದಿಂದ ಬಂದಿರಲಿಲ್ಲ.

ನೋವು ಮರೆಯಲೆಂದು ಕಿಡಿ ಒಂದನ್ನು ಬಿಚ್ಚಿದ. ಹಿಡಿಯಲ್ಲಿ ಎರಡು ಮೊಳೆ. ಏಳು ಬಗೆಗೂ ಮೊಳೆಯ ಲೆಕ್ಕವೇ ಗುರುತು; ಎರಡು ಮೊಳೆ ಎಂದರೆ ಕೊಕ್ಕು ಎಂಬ ಬಗೆ, ಹಕ್ಕಿಯ ಕೊಕ್ಕಿನಂತೆ ಕೆಳಗೆ ಬಾಗಿದ ಅಲಗು. ಇನ್ನೊಂದನ್ನು ಬಿಚ್ಚಿದ. ಮೂರು ಮೊಳೆ, ಅಂದರೆ ಗೊರಸು: ಅಂಚು ನೆಟ್ಟಗೆ, ತುದಿ ಮೊಂಡಾಗಿ ಕತ್ತರಿಸಿದಂತೆ. ಅವು ಮೊದಲು ಹೇಗಿದ್ದವು ಎಂದು ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಈಗ ಕೈಯಲ್ಲಿದ್ದ ಎರಡೂ...

ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮೂರನೆಯದನ್ನು ತೆಗೆದ. ಮೊಳೆ ನಾಲ್ಕು: ಎಲೆ. ಅದೂ ಅದೇ. ಐದನೆಯದು, ಹತ್ತನೆಯದು, ನಲವತ್ತನೆಯದು. ಉಗುರು ಮುರಿಯಿತು, ತುಕ್ಕಿಗೆ ಅಂಗೈ ಕೆಂಪಾಯಿತು, ಅವನು ಬಿಚ್ಚುತ್ತಲೇ ಹೋದ. ಏಳು ಬಗೆಯಾಗಿ ಈ ಬಾಗಿಲಿಂದ ಹೊರಟವು, ಒಂದೇ ಬಗೆಯಾಗಿ ವಾಪಸು ಬಂದಿದ್ದವು. ಹಿಡಿಯ ಹತ್ತಿರ ಎರಡು ಬೆರಳಗಲ ನೆಟ್ಟಗಿನ ಅಂಚು. ಅಲ್ಲಿಂದ ಮುಂದೆ ಹೊಟ್ಟೆ ಇದೆಯೋ ಇಲ್ಲವೋ ಎಂಬಷ್ಟು ಉಬ್ಬು. ಬೆನ್ನು ನಿಧಾನವಾಗಿ ಇಳಿದು, ಮೊನೆ ಅಲಗಿನ ನಡುಗೆರೆಗೆ ಬಂದು ನಿಂತಿತ್ತು. ಮೇಲೂ ಅಲ್ಲ, ಕೆಳಗೂ ಅಲ್ಲ. ಇಂಥ ಚಾಕುವನ್ನು ಈ ಕಾರ್ಖಾನೆ ಯಾವತ್ತೂ ಮಾಡಿರಲಿಲ್ಲ. ಯಾರೂ ಮಾಡದ ಚಾಕು ಇಲ್ಲಿ ಪೆಟ್ಟಿಗೆ ತುಂಬ ಇತ್ತು. ಕಿಡಿ ಅವನ್ನೆಲ್ಲ ಮತ್ತೆ ಪೆಟ್ಟಿಗೆಗೆ ತುಂಬಿ, ಎಳೆದುಕೊಂಡು ಹೊರಟ.

ನಡುಮೇಜಿನ ಮೇಲೆ ಅವನು ಪೆಟ್ಟಿಗೆ ಸುರಿದಾಗ ಗಂಟೆ ಮೂರು.

“ಇದೇನೋ, ಗುಜರಿ ಅಂಗಡಿ ಇಡ್ತೀಯಾ?” ಎಂದ ಹಿಡಿ ಕೂರಿಸುವವನು.

“ಬಾಯಿ ಮುಚ್ಕೊಂಡು ನೋಡು.” ಕಿಡಿ ಮೊಳೆ ಎಣಿಸಿ ಎಣಿಸಿ ಚಾಕುಗಳನ್ನು ಸಾಲಿಟ್ಟ. “ಅಮ್ಮಾವ್ರೇ, ಬೆಳಗ್ಗೆ ಕೇಳಿದ್ರಲ್ಲ, ಯಾವ್ದು ಸರಿ ಅಂತ. ಇದು. ನಾನು ಆರಿಸಿದ್ದಲ್ಲ, ಜನ ಆರಿಸಿದ್ದು. ಮೂವತ್ತು ವರ್ಷ ಉಪಯೋಗಿಸಿ, ಉಪಯೋಗಿಸಿ, ಅವರ ಕೈಯೇ ಹೀಗೆ ಮಾಡಿದೆ.”

ನಗು ನಿಂತಿತು. ಒಬ್ಬೊಬ್ಬರೇ ಬಗ್ಗಿ, ಎರಡೆರಡನ್ನು ಜೋಡಿಸಿ ನೋಡಿದರು. ಬಾಗಿಲು ಕಾಯುವ ಮುದುಕ ಬಾಯಿಯ ಮೇಲೆ ಕೈಯಿಟ್ಟುಕೊಂಡ. ಅಮ್ಮಾವ್ರು ಒಂದು ಅಲಗಿನ ಬೆನ್ನ ಮೇಲೆ ಬೆರಳೆಳೆದು, ಅದನ್ನು ಬೆಳಕಿಗೆ ಹಿಡಿದರು.

ಅಳಿಯ ಮಾತ್ರ ಹುಬ್ಬು ಗಂಟಿಕ್ಕಿ ಯೋಚಿಸಿದ. “ಒಂದ್ನಿಮಿಷ. ಇವನ್ನೆಲ್ಲ ಸಾಣೆ ಹಿಡಿದಿದ್ದು ಯಾರು?”

ಎಲ್ಲರ ಕಣ್ಣೂ ಮುಂದಿನ ಕೋಣೆಯ ಕಡೆ ಹೊರಳಿತು.

“ಒಬ್ಬರೇ ಅಲ್ವಾ? ಮೂವತ್ತು ವರ್ಷ ಒಂದೇ ಕೈ, ಒಂದೇ ಕಲ್ಲು. ನೂರು ಕಾಗದದಲ್ಲಿ ಒಂದೇ ಅಕ್ಷರ ಅಂತ ಬೆರಗಾಗ್ತಿದ್ದೀಯ, ಬರೆದೋರು ಒಬ್ರೇ ಕಣಯ್ಯಾ! ಇದು ಜನರ ಆಯ್ಕೆ ಅಲ್ಲ, ನಿಮ್ಮಮ್ಮನ ಕೈಚಟ.”

ಕಿಡಿ ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲಿಟ್ಟ. ಮಾತು ನಿಜವಾಗಿತ್ತು, ಅದೇ ಹೊಟ್ಟೆ ಉರಿಸಿದ್ದು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸಾಣೆಯ ಸದ್ದನ್ನೇ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಅವಳನ್ನೇ ಕೇಳೋಣ,” ಎಂದರು ಅಮ್ಮಾವ್ರು. “ಬಾಮ್ಮಾ ಇಲ್ಲಿ.”

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಮೇಜು ನೋಡಿದಳು. ಬಹಳ ದಿನದ ಮೇಲೆ ನೆಂಟರು ಸಿಕ್ಕಂತೆ ಅವಳ ಮುಖ ಅರಳಿತು.

“ಅಯ್ಯೋ, ಇದು ಬಸ್ ಡಿಪೋ ಎಲೆಕ್ಟ್ರಿಷಿಯನ್ನಿಂದು! ಕೊಕ್ಕು ತಗೊಂಡಿದ್ದ. ಎರಡು ಸಲ ಮೊನೆ ಮುರ್ಕೊಂಡು ಬಂದ. ಮೂರನೇ ಸಲ ನಾನೇ ಮೊನೆಯ ಬಾಗು ಸ್ವಲ್ಪ ತಗ್ಗಿಸ್ದೆ, ಆಮೇಲೆ ಮುರೀಲಿಲ್ಲ.” ಇನ್ನೊಂದನ್ನು ಎತ್ತಿಕೊಂಡಳು. “ಇದು ಆಸ್ಪತ್ರೆ ನರ್ಸಮ್ಮನದು. ಪೊಟ್ಟಣ ಕುಯ್ಯುವಾಗ ಒಳಗಿರೋದಕ್ಕೂ ಗೀರು ಬೀಳುತ್ತೆ ಅಂತಿದ್ಲು. ಅದಕ್ಕೇ ಮೊನೆ ನಡುವೆ ತಂದೆ. ಇದು ಚಪ್ಪಲಿ ಹೊಲಿಯೋರದು. ಹೊಟ್ಟೆ ಜಾಸ್ತಿಯಾಗಿ ಚರ್ಮ ಜಾರುತ್ತಿತ್ತು. ಹಿಡಿ ಹತ್ರ ನೆಟ್ಟಗೆ ಮಾಡಿಕೊಟ್ಟೆ. ಇದು ಕಾಗದದ ಅಂಗಡಿಯೋನದು, ಪೂರ್ತಿ ನೆಟ್ಟಗಿದ್ರೆ ಮೂಲೆ ಸಿಕ್ಕಾಕ್ಕೊಳ್ಳುತ್ತೆ ಅಂದ...”

ಅವಳು ಹೇಳುತ್ತ ಹೋದಳು, ಒಂದಕ್ಕೂ ತಡವರಿಸದೆ. ಪ್ರತಿ ಹಿಡಿಗೂ ಒಬ್ಬ ಮನುಷ್ಯ, ಪ್ರತಿ ಮನುಷ್ಯನಿಗೂ ಒಂದು ದೂರು. ಒಬ್ಬರ ದೂರಿಗೆ ಮಾಡಿದ್ದು ಇನ್ನೊಬ್ಬರ ಚಾಕುವಿನಲ್ಲಿ ಕೆಡದೇ ಉಳಿದರೆ ಅದನ್ನು ಇಟ್ಟುಕೊಂಡಿದ್ದಳು. ಕೆಟ್ಟರೆ ಮುಂದಿನ ಸಲ ಕಲ್ಲಿನ ಮೇಲೆ ಕೂದಲಷ್ಟು ತಿದ್ದಿದ್ದಳು. ಇಡೀ ಊರಿನ ಜೇಬುಗಳಲ್ಲಿದ್ದ ಚಾಕುಗಳನ್ನು ಇವಳೊಬ್ಬಳು ಕಿಟಕಿಯ ಬಳಿ ಕೂತು, ಯಾರಿಗೂ ತಿಳಿಯದಂತೆ, ಒಂದೇ ಕಡೆಗೆ ನಡೆಸಿಕೊಂಡು ಬಂದಿದ್ದಳು. ಹನ್ನೊಂದು ಜನ ಮೇಜಿನ ಸುತ್ತ ಒತ್ತಿ ನಿಂತು ಕೇಳಿದರು. ದೊಡ್ಡ ಪ್ರೆಸ್ಸು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು.

“ಇಷ್ಟು ವರ್ಷ ಒಂದು ಮಾತೂ ಆಡ್ಲಿಲ್ವಲ್ಲಮ್ಮಾ,” ಎಂದರು ಅಮ್ಮಾವ್ರು.

“ಆಡೋಕೇನಿದೆ? ಮೊಂಡು ತರ್ತಾರೆ, ಹರಿತ ಮಾಡಿ ಕೊಡ್ತೀನಿ.” ಮುಂದಿನ ಕೋಣೆಯಲ್ಲಿ ಚಾಕು ತಂದ ಯಾರೋ ಕಿಟಕಿಯ ಕಟ್ಟೆ ತಟ್ಟಿದರು. “ಬಂದೆ, ಬಂದೆ!” ಎನ್ನುತ್ತ ಅಮ್ಮ ಹೋಗಿಬಿಟ್ಟಳು.

ಅಮ್ಮಾವ್ರು ಅಳಿಯನ ನಕ್ಷೆಯನ್ನು ಮಗುಚಿ, ಹಿಂದಿನ ಖಾಲಿ ಮಗ್ಗುಲನ್ನು ಅವನ ಮುಂದೆ ಸರಿಸಿದರು. ಅವನು ಪೆನ್ಸಿಲ್ ಚೂಪು ಮಾಡಿಕೊಂಡು, ಸವೆದ ಅಲಗೊಂದನ್ನು ಕಾಗದದ ಮೇಲಿಟ್ಟು, ಸುತ್ತ ಗೆರೆ ಎಳೆದ. ಅಳೆದ. ನಂಬಲಾರದೆ ಮತ್ತೆ ಅಳೆದ. ಅದೇ ಆಕಾರವನ್ನು ಹೊಸ ಚಾಕುವಿನ ಅಳತೆಗೆ ಹಿಗ್ಗಿಸಿ ಬರೆಯುವಾಗ ಅವನ ಕೈ ದೇವರ ಮುಂದೆ ದೀಪ ಹಚ್ಚುವವನ ಹಾಗೆ ಜೋಪಾನವಾಗಿತ್ತು. ಉಳಿದವರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದರು.

ಕಿಡಿ ಅಲ್ಲೇ ನಿಂತಿದ್ದ. ತೆರೆದ ಬಾಗಿಲಿನಾಚೆ ಅಮ್ಮನ ಬೆನ್ನು ಕಾಣುತ್ತಿತ್ತು. ಕಲ್ಲಿಗೆ ನೀರು ಚಿಮುಕಿಸಿದಳು. ಯಾರದೋ ಚಾಕುವನ್ನು ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳನ್ನು ಅಡ್ಡಡ್ಡ ಸವರಿ, ಎಲ್ಲೋ ಒಂದು ಕಡೆ ತಡೆದಳು. ತಂದವನು ಏನೋ ಹೇಳುತ್ತಿದ್ದ, ಅವಳು ಕತ್ತು ವಾಲಿಸಿ ಕೇಳುತ್ತಿದ್ದಳು. ದಿನವೂ ಕಣ್ಣೆದುರು ನಡೆಯುವುದು. ಒಮ್ಮೆಯೂ ಅವನು ನೋಡಿರಲಿಲ್ಲ.

ಅಳಿಯ ಪೆನ್ಸಿಲ್ ಕೆಳಗಿಟ್ಟ. ಅವನ ದನಿಯಲ್ಲಿ ಈಗ ಕೊಂಕಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು.

“ನಿಜ ಹೇಳು ಕಿಡಿ. ಹುಟ್ಟಿದಾಗಿಂದ ಒಂದೇ ಮನೇಲಿದ್ದೀರ, ಒಂದೇ ಕಡೆ ಕೆಲಸ ಮಾಡ್ತೀರ. ನಿಮ್ಮಮ್ಮ ಇದನ್ನ ಮಾಡ್ತಿದ್ದಾರೆ ಅಂತ ನಿಂಗೆ ಗೊತ್ತಿತ್ತಾ?”

ಕಿಡಿ ಅವನ ಮುಖ ನೋಡಿದ. ಮೇಜಿನ ಅಂಚನ್ನು ಹಿಡಿದಿದ್ದ ಕೈಯನ್ನು ಬಿಟ್ಟು, ಗ್ರೈಂಡರಿನ ಕಡೆಗೆ ನಡೆದು ಹೋದ.