ಬಾಗಿಗೆ ಅಂಟಿದ ಸೂಜಿಗಲ್ಲು

ನಿಜಾಮರ ಆಳಿಕೆಯ ಕಾಲ. ಕಲಬುರಗಿಯ ಒಂದು ಬಣ್ಣದ ಗಿರಣಿಯಲ್ಲಿ ಕಬ್ಬಿಣದ ಕೊಳವೆಗಳು ತುಕ್ಕು ಕಾರಿ ಬಟ್ಟೆಯ ಮೇಲೆಲ್ಲ ಕೆಂಪು ಕಲೆ ಬೀಳಿಸುತ್ತಿದ್ದವು. ಅದಕ್ಕೇ ಮಾಲೀಕರು ಮುಂಬೈಯಿಂದ ತುಕ್ಕು ಹಿಡಿಯದ ಹೊಸ ಉಕ್ಕಿನ ಕೊಳವೆ ತರಿಸಿ, ಬಾಗಿಸಿ ಕೊಡಲು ಕಮಲಾಪುರದ ಅಮೋಘಪ್ಪನನ್ನು ಕರೆಸಿದರು. ತಾಮ್ರದ ಹಂಡೆ, ಕೊಡ ಬಡಿದು ಪಳಗಿದ ಕೈ ಅವನದು. ಕೊಳವೆಯೊಳಗೆ ಮರಳು ತುಂಬಿ, ಬಾಯಿ ಕಟ್ಟಿ, ಕಾಯಿಸದೆಯೇ, ಒಂದು ಸುಕ್ಕೂ ಬೀಳದಂತೆ ಬಾಗಿಸಿದ.

ಜೋಡಿಸುವ ದಿನ ಗಿರಣಿಯ ಮಹಮ್ಮದ ಮಿಸ್ತ್ರಿ ಸೂಜಿಗಲ್ಲು ಹಿಡಿದು ಬಂದ. ಈ ಜಾತಿಯ ಉಕ್ಕಿಗೆ ಸೂಜಿಗಲ್ಲು ಅಂಟಬಾರದು. ಅಂಟಿದರೆ ಮಾಲು ಖೋಟಾ. ನೇರ ಭಾಗದಲ್ಲಿ ಅದು ಜಾರಿತು. ಬಾಗಿನಲ್ಲಿ ಮೆಲ್ಲಗೆ ಹಿಡಿಯಿತು.

"ಇದೇನ್ರೀ ಅಮೋಘಪ್ಪಣ್ಣ? ನಡುವ ಬ್ಯಾರೆ ಕಬ್ಬಿಣ ಬೆಸದೀರೇನು?"

"ಬೆಸಗಿ ಗುರ್ತು ಎಲ್ಲದ ತೋರಸ್ರಿ. ನಿಮ್ಮ ಕಣ್ಣ ಮುಂದನ ಬಾಗಿಸೀನಲ್ಲ."

"ನಾ ನೋಡೀನ್ರೀ. ಆದ್ರ ಕಲ್ಲು ನನ್ನ ಮಾತು ಕೇಳಂಗಿಲ್ಲಲ್ಲ! ಸಂಜೀ ಮಟ ಕಾಯ್ತೀನಿ. ಆಮ್ಯಾಲ ಮಾಲು ವಾಪಸ್."

ಮಾಲು ವಾಪಸಾದರೆ, ಅಮೋಘಪ್ಪನ ಕೈ ಕೆಡಿಸಿತೆಂಬ ಮಾತು ಅವನಿಗಿಂತ ಮೊದಲೇ ಕಮಲಾಪುರ ಮುಟ್ಟುತ್ತಿತ್ತು. ಕಟ್ಟೆಯ ಮೇಲೆ ಕೂತು ಬಾಗನ್ನು ಬೆರಳಿನಿಂದ ಸವರಿದ. ಬಡಿದಷ್ಟೂ ತಾಮ್ರ ಹಟ ಹಿಡಿಯುತ್ತದೆ; ಕಾಯಿಸಿ ನೀರಿಗೆ ಬಿಟ್ಟರೆ ಮತ್ತೆ ಹೇಳಿದ ಮಾತು ಕೇಳುತ್ತದೆ. ಬಾಗಿಸಿದ ನೋವು ಈ ಉಕ್ಕಿನೊಳಗೂ ಉಳಿದಿರಬಹುದೇ?

ಎದ್ದವನೇ ಕತ್ತರಿಸಿ ಉಳಿದ ನೇರ ತುಂಡೊಂದನ್ನು ತಂದ. ಕಲ್ಲು ಹಚ್ಚಿಸಿದ, ಅಂಟಲಿಲ್ಲ. ಎಲ್ಲರೆದುರು ಬಾಗಿಸಿದ, ಅಂಟಿತು.

ತಿದಿ ಊದುವ ದೌಲಪ್ಪ ನಕ್ಕ. "ಬಾಗಿಸಿದ್ರ ಉಕ್ಕಿನ ಜಾತೀನ ಬದಲಾಗತದೇನ್ರೀ ಕಾಕಾ?"

"ನೀ ಊದಪಾ. ಬಾಯಿಲೆ ಅಲ್ಲ, ತಿದೀಲೆ."

ತುಂಡು ಕೆಂಪಾಗಿ, ಕೆಂಪು ಹೋಗಿ ಹಳದಿಗೆ ತಿರುಗಿದ ಮೇಲೆ ನೀರಿಗೆ ಬಿಟ್ಟ. ಮೇಲಿನ ಕಪ್ಪು ತಿಕ್ಕಿ ಮಹಮ್ಮದನ ಕೈಗಿಟ್ಟ. ಅವನು ಬಾಗಿಗೆ ಹಚ್ಚಿದ ಸೂಜಿಗಲ್ಲು ಅಂಟದೆ ಠಣ್ಣೆಂದು ಹಾಸುಗಲ್ಲಿಗೆ ಬಿತ್ತು.

"ವಾಹ್ ಉಸ್ತಾದ್! ಮಾಲೂ ಖರೇ ಅದ, ನಿಮ್ಮ ಕೈನೂ ಖರೇ ಅದ," ಎಂದ ಮಹಮ್ಮದ. "ಎಲ್ಲಾ ಬಾಗಿಗೂ ಹಿಂಗ ಬೆಂಕಿ ತೋರಸ್ರಿ. ನಾಳಿಗಿ ಜೋಡಸೂಣು."

ಕೆಲಸ ಮುಗಿಸಿ ಕಮಲಾಪುರಕ್ಕೆ ಮರಳಿದ ಅಮೋಘಪ್ಪ ಹೊಸ್ತಿಲಲ್ಲೇ ನಿಂತು ಹೆಂಡತಿ ಭೀಮಬಾಯಿಗೆ ಎಲ್ಲ ಹೇಳಿದ.

"ಒಂದು ಕಲ್ಲು ಕೆಳಗ ಬಿದ್ದದ್ದಕ್ಕ ಇಷ್ಟು ಹಿಗ್ಗೇನ್ರೀ?" ಎಂದಳು ಆಕೆ.

"ಬಿದ್ದ ಸಪ್ಪಳ ನೀ ಕೇಳಬೇಕಿತ್ತು," ಎನ್ನುತ್ತ ಅವನು ರುಮಾಲು ಸರಿಮಾಡಿಕೊಂಡು ಒಳಗೆ ನಡೆದ.