ಇಲ್ಲದ ಮರವನ್ನು ಬಳಸಿ ನಡೆದ ದನಗಳು

ಗುಡ್ಡದ ಕಡೆಯಿಂದ ಬಂದ ಬೆಂಕಿ ಒಂದೇ ಮಧ್ಯಾಹ್ನದಲ್ಲಿ ಹುಲ್ಲುಗಾವಲನ್ನೆಲ್ಲ ನೆಕ್ಕಿಕೊಂಡು ಹೋಗಿತ್ತು. ದನಗಳು ಉಳಿದವು, ಅವುಗಳ ಬಾಯಿಗೆ ಹಾಕಲು ಏನೂ ಉಳಿಯಲಿಲ್ಲ. ಮೇಯುವ ನೆಲ ಸುಟ್ಟುಹೋದವರಿಗೆ ಸರ್ಕಾರ ಮೇವಿನ ಪರಿಹಾರ ಕೊಡುತ್ತದೆಂದು ಕೇಳಿ ಅಕ್ಕ ಅರ್ಜಿ ಹಾಕಿದ್ದಳು. ಅದು ಸಿಕ್ಕರೆ ಮಂದೆ ಉಳಿಯುತ್ತದೆ. ಇಲ್ಲವಾದರೆ ನಾಳೆ ದನ ಕೊಳ್ಳುವ ದಲ್ಲಾಳಿಯ ಲಾರಿ ದೊಡ್ಡಿಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಅಧಿಕಾರಿ ನೋಡಲು ಬರುತ್ತಾರೆಂದು ತಮ್ಮನಿಗೆ ಎಲ್ಲಿಲ್ಲದ ಸಡಗರ. ಹಿಂದಿನ ಸಂಜೆ, ಹೇಳದೆ ಕೇಳದೆ ಟ್ರ್ಯಾಕ್ಟರ್ ತಂದು ಕುಂಟೆ ಹೊಡೆಸಿ, ಬೂದಿ, ಸಗಣಿ, ಗೊರಸಿನ ಗುರುತು ಎಲ್ಲವನ್ನೂ ಮಟ್ಟ ಮಾಡಿಬಿಟ್ಟಿದ್ದ. ತುಳಿದು ಕೆಡಿಸಬಾರದೆಂದು ದನಗಳನ್ನು ಬೆಳಗಿನಿಂದ ನೀರಿಗೂ ಬಿಟ್ಟಿರಲಿಲ್ಲ.

ಅಧಿಕಾರಿ ಬೇಲಿಯ ಬಳಿ ನಿಂತು ಹುಬ್ಬು ಗಂಟಿಕ್ಕಿದರು.

"ಇದು ಬಿತ್ತನೆ ಹೊಲ ಅಲ್ವೇನಮ್ಮಾ? ದನ ಮೇಯೋ ನೆಲಕ್ಕೆ ಮಾತ್ರ ಪರಿಹಾರ."

"ನೆಂಟರು ಬರ್ತಾರೆ ಅಂದ್ರೆ ಅಂಗಳ ಗುಡಿಸಲ್ವಾ ಸಾರ್? ಹಾಗೇ ಸ್ವಲ್ಪ..." ತಮ್ಮ ತಲೆ ಕೆರೆದುಕೊಂಡ.

"ನೆಲ ಅಲ್ಲ ಕಣೋ, ನಮ್ಮನ್ನೇ ಗುಡಿಸಿ ಹಾಕ್ದೆ!" ಅಂದಳು ಅಕ್ಕ.

ಅಧಿಕಾರಿ ಕೆಟ್ಟವರಲ್ಲ. ಬೆಂಕಿಗೆ ಮುಂಚೆ ಆಕಾಶದಿಂದ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರು. ಮಸುಕು ಹಸಿರಿನ ನಡುವೆ ಬಿಳಿಯ ಗೆರೆಯೊಂದಿತ್ತು.

"ಇದೇನು, ಕಾಲುವೆನಾ?"

"ದನದ ದಾರಿ ಸಾರ್. ಆ ತುದೀಲಿರೋ ನೀರಿನ ತೊಟ್ಟಿಗೆ ಹೋಗೋದು."

"ದಾರಿ ಅಂದ್ರೆ ನೆಟ್ಟಗಿರಬೇಕಲ್ಲಮ್ಮ. ನಡುವೆ ಯಾಕೆ ಬಿಲ್ಲಿನ ಹಾಗೆ ಬಾಗಿದೆ?"

"ಅಲ್ಲೊಂದು ದೊಡ್ಡ ಮರ ಇತ್ತು. ನಮ್ಮಮ್ಮ ಇದ್ದಾಗಲೇ ಗಾಳಿಗೆ ಬಿತ್ತು. ಬುಡ ಸಮೇತ ಕಿತ್ತು ಸೌದೆ ಮಾಡ್ಕೊಂಡ್ವಿ."

"ಮರ ಹೋದ ಮೇಲೂ ಸುತ್ತಿ ಹೋಗ್ತವಾ? ಇದನ್ನ ನಾನು ಏನಂತ ಬರೀಲಿ?"

ಇಷ್ಟು ವರ್ಷ ದನಗಳ ಹಿಂದೆ ಅಕ್ಕ ತಾನೂ ಅಲ್ಲಿ ಸುತ್ತಿಯೇ ನಡೆದಿದ್ದಳು. ಯಾಕೆಂದು ಕೇಳಿಕೊಂಡಿರಲಿಲ್ಲ.

ದೊಡ್ಡಿಯಲ್ಲಿ ದನಗಳು ಬಾಯಾರಿ ಅರಚುತ್ತಿದ್ದವು. "ಪರಿಹಾರ ಸಿಗದಿದ್ರೆ ಬೇಡ, ನೀರಾದ್ರೂ ಕುಡೀಲಿ," ಎಂದು ಅಕ್ಕ ಹೋಗಿ ಅಗಳಿ ಎಳೆದಳು.

ಮೊದಲು ಹೊರಬಿದ್ದದ್ದು ಯಜಮಾನಿ. ಮಂದೆಯ ಮುಂದೆ ನಡೆಯುವ ಹಸುವಿಗೆ ತಮ್ಮ ಇಟ್ಟ ಹೆಸರು ಅದು. ಕುಂಟೆ ಹೊಡೆದ ಕರಿ ನೆಲದಲ್ಲಿ ದಾರಿಯಿಲ್ಲ, ಗುರುತಿಲ್ಲ. ಯಜಮಾನಿ ನೆಲವನ್ನು ನೋಡಲೇ ಇಲ್ಲ, ತೊಟ್ಟಿಯ ಕಡೆ ನೆಟ್ಟಗೆ ಹೊರಟಳು. ಹಿಂದೆ ಒಂದರ ಬಾಲಕ್ಕೊಂದು ಮಂದೆ. ಬಾಯಾರಿದ್ದರೂ ಒಂದೂ ಸಾಲು ಬಿಡಲಿಲ್ಲ. ಬಯಲಿನ ನಡುವೆ ಬರುತ್ತಿದ್ದಂತೆ ಯಜಮಾನಿ ಎಡಕ್ಕೆ ವಾಲಿ, ಏನನ್ನೋ ಬಳಸಿ, ಮತ್ತೆ ಸಾಲಿಗೆ ಬಂದಳು. ಮಂದೆಗೆ ಮಂದೆಯೇ ಹಾಗೆ ವಾಲಿತು, ಹಾಗೆ ಬಂತು. ಮೊನ್ನೆ ಮೊನ್ನೆ ಹುಟ್ಟಿದ ಕರು ಕೂಡ. ಆ ಮರವನ್ನು ಅವುಗಳಲ್ಲಿ ಯಾವುದೂ ಕಂಡಿರಲಿಲ್ಲ, ಅವುಗಳ ತಾಯಂದಿರೂ ಕಂಡಿರಲಿಲ್ಲ.

ಸೌದೆಯಾಗಿ ಒಲೆಗೆ ಹೋದ ಮರ ಅಲ್ಲೇ ನಿಂತಿದೆ, ನೆರಳೊಂದು ಇಲ್ಲ ಅಷ್ಟೆ, ಅನ್ನಿಸಿತು ಅಕ್ಕನಿಗೆ.

ಅಧಿಕಾರಿ ಎತ್ತಿದ ಮೊಬೈಲನ್ನು ಒತ್ತಲು ಮರೆತು ನಿಂತಿದ್ದರು. ಕೊನೆಯ ಹಸು ದಾಟುವಾಗ ಎಚ್ಚರಾಗಿ, ಕರಿ ಮಣ್ಣಿನಲ್ಲಿ ಹೊಸದಾಗಿ ಮೂಡಿದ ಬಾಗಿದ ಗೆರೆಯ ಫೋಟೋ ತೆಗೆದುಕೊಂಡರು. ಮೊಬೈಲಿನ ಹಳೆಯ ಗೆರೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ದನದ ದಾರಿನೇ ಇದು. ಮೇಯೋ ನೆಲ ಅಂತಲೇ ಬರೀತೀನಮ್ಮ," ಅವರ ದನಿ ಇಳಿದಿತ್ತು. "ಲಾರಿಯವರಿಗೆ ಬರಬೇಡಿ ಅಂತ ಹೇಳಿಬಿಡಿ."

ಮೂವರೂ ತೊಟ್ಟಿಯ ಕಡೆ ನಡೆದರು. ನಡುಬಯಲಿಗೆ ಬಂದಾಗ ಅಧಿಕಾರಿ ತಾವೇ ಎಡಕ್ಕೆ ಸರಿದು, ಬರಿಯ ಗಾಳಿಗೆ ದಾರಿ ಬಿಟ್ಟುಕೊಟ್ಟರು.